ಭೀಮಥಡಿ ಕುದುರೆಗೆ ಹೇರು ಕಟ್ಟುವ ಬಗೆ

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆ ಜತ್ತ ತಾಲೂಕಿನ ನಮ್ಮ ಒಣ ಮಡ್ಡಿಯಲ್ಲಿ ದೀಪಾವಳಿ ಆದಮೇಲೆ ಕುರಿಗೆ ಮೇವು ಉಳಿಯುವುದಿಲ್ಲ. ಹಿಂಡುಗಳು ಕೃಷ್ಣಾ ದಂಡೆಯ ಕಡೆ ಹೊರಡುತ್ತವೆ. ಗಂಡಸರು ಕುರಿ ಮೇಯಿಸುತ್ತ ಬರುತ್ತಾರೆ. ಮನೆ ಸಾಮಾನೆಲ್ಲ ಕುದುರೆ ಮೇಲೆ ಹೇರಿಕೊಂಡು, ರಾತ್ರಿ ಕುರಿ ನಿಲ್ಲಿಸುವ ಮುಂದಿನ ದಡ್ಡಿಗೆ ಮೊದಲೇ ಹೋಗಿ ಮುಟ್ಟುವವರು ಹೆಂಗಸರು. ಹೇರು ಕಟ್ಟುವುದನ್ನು ನನಗೆ ಕಲಿಸಿದವರು ನಮ್ಮ ಅತ್ತೆ.

ಕುದುರೆ ಕೊಳ್ಳುವಾಗ ಹೆಣ್ಣನ್ನೇ ನೋಡಿ. ಶಾಂತ ಇರುತ್ತದೆ, ಮರಿಯನ್ನೂ ಕೊಡುತ್ತದೆ. ಐದು ವರ್ಷಕ್ಕೆ ಬಾಯಿ ತುಂಬುತ್ತದೆ, ಅಂದರೆ ಹಾಲುಹಲ್ಲು ಬಿದ್ದು ಎಲ್ಲಾ ಹಲ್ಲು ಬಂದಿರುತ್ತವೆ. ಅದಕ್ಕಿಂತ ಎಳೆಯದಕ್ಕೆ ಪೂರ್ತಿ ಹೇರು ಬೇಡ. ಬಣ್ಣ, ಸುಳಿ ನೋಡುವವರು ನೋಡಲಿ, ನಾನು ಮೊದಲು ಬೆನ್ನು ಸವರುತ್ತೇನೆ. ಕೂದಲು ಬೆಳ್ಳಗಾದ ಕಲೆಗಳಿದ್ದರೆ ಅಲ್ಲಿ ಹಿಂದೆ ಹುಣ್ಣಾಗಿತ್ತು ಅಂತ ಅರ್ಥ. ಭೀಮಥಡಿ ಎತ್ತರದ ಕುದುರೆಯಲ್ಲ. ಮರಾಠರ ದಂಡಿನಲ್ಲಿ ಓಡಿದ ತಳಿ ಇದು. ಒಣ ಮೇವು ತಿಂದು ಕಲ್ಲುದಾರಿಯಲ್ಲಿ ನಡೆಯುತ್ತದೆ. ಆದರೆ ಗಟ್ಟಿ ಇದೆ ಅಂತ ಸಿಕ್ಕಷ್ಟು ಹೇರಬೇಡಿ. ಕುದುರೆಯ ತೂಕದ ಐದನೇ ಒಂದು ಭಾಗ ಸಾಕು. ನಮ್ಮ ಸಣ್ಣ ಕುದುರೆಗೆ 50 ಕಿಲೋ ದಾಟಬಾರದು.

ಇನ್ನು ಹೇರು. ಮೊದಲು ಬೆನ್ನು ಕೈಯಿಂದ ಒರೆಸಿ. ಒಂದು ಮುಳ್ಳು ಉಳಿದರೂ ಸಂಜೆಗೆ ಗಾಯ. ಹಳೆಯ ಮೆತ್ತನೆ ಕಂಬಳಿಯನ್ನು ಮಡಚಿ ಸ್ವಲ್ಪ ಮುಂದಕ್ಕೆ ಹಾಕಿ, ಹಿಂದಕ್ಕೆ ಎಳೆಯಿರಿ. ಆಗ ಕೂದಲು ಸರಿಯಾಗಿ ಮಲಗುತ್ತದೆ. ಸುಕ್ಕು ಇರಲೇಬಾರದು. ಬೆನ್ನೆಲುಬಿನ ಎರಡೂ ಕಡೆ ಸುತ್ತಿದ ಗೋಣಿಯ ದಿಂಬು ಇಡಿ. ನಡುವೆ ಗಾಳಿ ಆಡಬೇಕು, ಎಲುಬಿನ ಮೇಲೆ ಭಾರ ಬೀಳಬಾರದು.

ಎರಡು ಬದಿಯ ಚೀಲಗಳನ್ನು ಎತ್ತಿ ನೋಡಿ, ತೂಕ ಸಮ ಇರಲಿ. ಹಿಟ್ಟು, ಕಾಳು, ಪಾತ್ರೆ ಕೆಳಗೆ. ಕುರಿ ದಡ್ಡಿಗೆ ಸುತ್ತ ಕಟ್ಟುವ ಬಲೆ, ಹಾಸಿಗೆ ಮೇಲೆ. ದಾರಿಯಲ್ಲಿ ಹುಟ್ಟಿದ ಕುರಿಮರಿಗಳು ಎಲ್ಲಕ್ಕಿಂತ ಮೇಲೆ, ಚೀಲದಿಂದ ತಲೆ ಹೊರಗಿರಬೇಕು. ನಮ್ಮ ಮಾಡಗ್ಯಾಳ ತಳಿಯ ಮರಿಗಳು ಉದ್ದ ಕಾಲಿನವು, ಒದ್ದಾಡುತ್ತವೆ, ಸಡಿಲ ಕಟ್ಟಬೇಡಿ.

ಹೇರು ಹಿಡಿಯುವ ಹೊಟ್ಟೆಪಟ್ಟಿ ಬಿಗಿಯುವಾಗ ಕುದುರೆ ಹೊಟ್ಟೆ ಉಬ್ಬಿಸುತ್ತದೆ. ಸ್ವಲ್ಪ ನಡೆಸಿ, ಮತ್ತೆ ಬಿಗಿಯಿರಿ. ಪಟ್ಟಿಯೊಳಗೆ ಎರಡು ಬೆರಳು ಹೋಗುವಷ್ಟು ಜಾಗ ಇರಲಿ. ಡಾಂಬರು ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರು ಬಂದರೆ ಕುದುರೆಯನ್ನು ಹೊರಮಗ್ಗುಲಿಗೆ ಮಾಡಿ, ನೀವು ನಡುವೆ ನಿಲ್ಲಿ. ಹೊತ್ತು ಮುಳುಗಿದ ಮೇಲೆ ಹೊಳೆಯುವ ಪಟ್ಟಿ ಕಟ್ಟದೆ ನಡೆಯಲೇಬೇಡಿ.

ಹೇರು ಇಳಿಸಿದ ಕೂಡಲೇ ಕಂಬಳಿ ಎಳೆಯಬೇಡಿ, ಬೆವರಿನ ಬೆನ್ನಿಗೆ ಥಂಡಿ ಹತ್ತುತ್ತದೆ. ಸ್ವಲ್ಪ ಹೊತ್ತು ಬಿಟ್ಟು ತೆಗೆದು ನೋಡಿ. ಎಲ್ಲಾ ಕಡೆ ಬೆವರಿದ್ದು ಒಂದು ಕಡೆ ಮಾತ್ರ ಒಣಗಿದ್ದರೆ ಅಲ್ಲೇ ಭಾರ ಒತ್ತಿದೆ. ಇದನ್ನು ದಿನಾ ನೋಡಬೇಕು. ಬೆಳಿಗ್ಗೆ ಅಲ್ಲಿ ಬಾವು ಕಂಡರೆ ಅಂದು ಹೇರಿಲ್ಲ. ಸಾಮಾನನ್ನು ಬೇರೆ ಕುದುರೆಗಳಿಗೆ ಹಂಚಿ, ಇಲ್ಲದಿದ್ದರೆ ಒಂದು ದಿನ ನಿಲ್ಲಿ. ಹೊಲದವರು ಕುರಿ ತರುಬಿಸಿಕೊಳ್ಳಲು ಬೇಡ ಅನ್ನುವುದಿಲ್ಲ, ಗೊಬ್ಬರ ಅವರಿಗೂ ಬೇಕಲ್ವಾ?

ರಾತ್ರಿ ಮುಂಗಾಲಿಗೆ ಬಟ್ಟೆ ಸುತ್ತಿದ ಹಗ್ಗ ಕಟ್ಟಿ ಬಿಡಿ. ಜೋಳದ ಕಣಿಕೆ, ನೆನೆಸಿದ ಹುರುಳಿ ಸಾಕು. ಬೂಸ್ಟು ಹಿಡಿದ ಮೇವು ಬೇಡ, ಜೋಳದ ಕೂಳೆಯ ಹಸಿ ಚಿಗುರು ಬೇಡ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ತಿಂದದ್ದು ಕೆಟ್ಟರೆ ಹೊಟ್ಟೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಪದೇ ಪದೇ ಪಕ್ಕೆ ನೋಡುತ್ತ ಹೊರಳಿದರೆ ಮೇವು ತೆಗೆದು, ಕೂಡಲೇ ದನದ ಡಾಕ್ಟರಿಗೆ ಫೋನ್ ಮಾಡಿ. ಗೊರಸಿಗೆ ಮೊಳೆ ಚುಚ್ಚಿದರೆ ಧನುರ್ವಾಯು ಇಂಜೆಕ್ಷನ್ ತಪ್ಪಿಸಬೇಡಿ.

ಗಬ್ಬದ ಕುದುರೆ ಮರಿಯನ್ನು ಹನ್ನೊಂದು ತಿಂಗಳು ಹೊಟ್ಟೆಯಲ್ಲಿ ಹೊರುತ್ತದೆ. ಕೊನೆಯ ಎರಡು ತಿಂಗಳು ಅದರ ಬೆನ್ನ ಮೇಲೆ ಏನೂ ಇಡಬೇಡಿ. ಹಿಂಡಿನ ಜೊತೆ ಸುಮ್ನೆ ನಡೆದು ಬರಲಿ.