ಒಂದೇ ಆಟದ ವೈಟ್‌ನ ಬೆನ್ನು ಹತ್ತಿ

ನಾನು ಮೊದಲು ಹಿಡಿದದ್ದೇ ಬೇರೆ ವೈಟ್‌ನನ್ನು.

ನಮ್ಮ ಕನ್ನಡ ಕೂಟದ ಸಂಚಿಕೆಗೆ ಹಳೇ ಬೇಸ್‌ಬಾಲ್ ಆಟಗಾರನೊಬ್ಬನ ಬಗ್ಗೆ ಬರೆದುಕೊಡ್ತೀನಿ ಎಂದು ಒಪ್ಪಿಕೊಂಡಿದ್ದೆ. ವಿಲಿಯಂ ಎಡ್ವರ್ಡ್ ವೈಟ್. ಅಮೆರಿಕದ ದೊಡ್ಡ ಲೀಗಿನಲ್ಲಿ (ಮೇಜರ್ ಲೀಗ್) ಅವನು ಆಡಿದ್ದು ಒಂದೇ ಒಂದು ಪಂದ್ಯ, 1879ರ ಜೂನ್ 21ರಂದು. ರಾತ್ರಿಯೆಲ್ಲ ಕೂತು ಟಿಪ್ಪಣಿ ಮಾಡಿದೆ. ಬೆಳಿಗ್ಗೆ ನೋಡಿದರೆ ನನ್ನ ವೈಟ್ ಅದೇ ವರ್ಷ 680 ಇನಿಂಗ್ಸ್ ಪಿಚ್ ಮಾಡಿದ್ದಾನೆ, ಅಂದರೆ ಬ್ಯಾಟ್ ಹಿಡಿದವರಿಗೆ ಚೆಂಡು ಎಸೆದಿದ್ದಾನೆ! ಅವನು ಸಿನ್ಸಿನಾಟಿಯ ವಿಲ್ ವೈಟ್. ಕನ್ನಡಕ ಹಾಕಿಕೊಂಡೇ ಆಡುತ್ತಿದ್ದ ಪುಣ್ಯಾತ್ಮ. ಅವನ ಅಣ್ಣ ಡೀಕನ್ ವೈಟ್ ಕೂಡ ಅದೇ ತಂಡದಲ್ಲಿದ್ದ. ಆಗಿನ ಬಾಕ್ಸ್ ಸ್ಕೋರ್‌ಗಳಲ್ಲಿ, ಅಂದರೆ ಪಂದ್ಯದ ಅಂಕಪಟ್ಟಿಗಳಲ್ಲಿ, ಮನೆತನದ ಹೆಸರಷ್ಟೇ ಇರುತ್ತದೆ, ಯಾವ ವೈಟ್ ಎಂದು ನಾವೇ ಹುಡುಕಿಕೊಳ್ಳಬೇಕು.

ಆಮೇಲೆ ಹೆಸರನ್ನು ಬಿಟ್ಟು ಊರನ್ನು ಹಿಡಿದೆ. ಪ್ರಾವಿಡೆನ್ಸ್ ಗ್ರೇಸ್ ತಂಡದ ಫಸ್ಟ್ ಬೇಸ್‌ಮನ್ (ಮೊದಲ ಬೇಸ್ ಕಾಯುವವ) ಜೋ ಸ್ಟಾರ್ಟ್‌ಗೆ ಕೈಬೆರಳಿನ ಪೆಟ್ಟು. ಆ ಜಾಗಕ್ಕೆ ಅದೇ ಊರಿನ ಬ್ರೌನ್ ವಿಶ್ವವಿದ್ಯಾಲಯದ ಹುಡುಗನನ್ನು ಕರೆದರು. ಎದುರಾಳಿ ಕ್ಲೀವ್‌ಲ್ಯಾಂಡ್. ಸ್ಕೋರಿನ ಸಾಲನ್ನು ಕ್ರಿಕೆಟ್ ಕಣ್ಣಲ್ಲಿ ಓದಿದರೆ ಸಪ್ಪೆ: ನಾಲ್ಕು ಸಲ ಬ್ಯಾಟ್ ಹಿಡಿದು ಒಂದೇ ಹಿಟ್, ಅಂದರೆ ಬೇಸ್ ಮುಟ್ಟಿಸಿದ ಹೊಡೆತ. ಆದರೆ ಪಕ್ಕದಲ್ಲೇ 12 ಪುಟ್‌ಔಟ್ ಇದೆ. ಅಂದರೆ ಫಸ್ಟ್ ಬೇಸಿನಲ್ಲಿ ನಿಂತು 12 ಸಲ ಎದುರಾಳಿಗಳನ್ನು ಔಟ್ ಮಾಡಿದ್ದಾನೆ. ಗ್ಲೋವ್ ಇನ್ನೂ ರೂಢಿಗೆ ಬಂದಿರದ ಕಾಲ ಅದು. ಗ್ರೇಸ್ 5-3ರಿಂದ ಗೆದ್ದಿತು. ಹುಡುಗನಿಗೆ ಮತ್ತೆ ಕರೆ ಬರಲಿಲ್ಲ.

ಅವನು ಯಾರ ಮಗ, ಯಾವ ಮೂಲದವ ಎಂದು ಪತ್ತೆ ಮಾಡುವ ಅಸಲಿ ಕೆಲಸ ಶುರುವಾಗಿದ್ದು ಜನಗಣತಿಯಲ್ಲಿ. ದಾರಿ ತೋರಿಸಿದವರು ಇತಿಹಾಸಕಾರ ಪೀಟರ್ ಮಾರಿಸ್. ನಾನು ಸುಮ್ನೆ ಅವರ ಹೆಜ್ಜೆ ಮೇಲೆ ಹೆಜ್ಜೆ ಇಟ್ಟೆ, ಅಷ್ಟೇ. ಜಾರ್ಜಿಯಾದ ಮಿಲ್ನರ್ ಎಂಬ ಊರು, 1870ರ ಗಣತಿ. ಒಂಬತ್ತು ವರ್ಷದ ವಿಲಿಯಂ, ಬಣ್ಣದ ಕಾಲಂನಲ್ಲಿ M. ಮ್ಯುಲಾಟೊ, ಮಿಶ್ರ ಮೂಲದವ ಎಂದರ್ಥ. ಯಾರು ಯಾರಿಗೆ ಏನಾಗಬೇಕು ಎಂಬ ಕಾಲಂ ಆ ವರ್ಷದ ಗಣತಿಯಲ್ಲಿ ಇಲ್ಲವೇ ಇಲ್ಲ, 1880ಕ್ಕೆ ಬಂತು. ಹಾಗಾಗಿ ಅಪ್ಪ ಯಾರು ಎನ್ನುವುದಕ್ಕೆ ಉಯಿಲೇ ಗತಿ. ಆ್ಯಂಡ್ರೂ ಜಾಕ್ಸನ್ ವೈಟ್ ಎಂಬ ಬಿಳಿಯ ಧಣಿ ತನ್ನ ಉಯಿಲಿನಲ್ಲಿ ಈ ಹುಡುಗನಿಗೂ ಅವನ ಅಕ್ಕತಂಗಿಯರಿಗೂ ಆಸ್ತಿ ಬರೆದಿದ್ದಾನೆ. ತನ್ನ ಮಕ್ಕಳು ಎಂದಲ್ಲ, ತನ್ನ ಆಳು ಹನ್ನಾಳ ಮಕ್ಕಳು ಎಂದು. ಆ ಸಾಲನ್ನು ಎರಡು ಮೂರು ಸಲ ಓದಿದೆ. ಹನ್ನಾ ಅವನ ಗುಲಾಮಳಾಗಿದ್ದವಳು. 1860ರಲ್ಲಿ ಹುಟ್ಟಿದ ಮಗ ಕೂಡ ಕಾನೂನಿನ ಲೆಕ್ಕದಲ್ಲಿ ಗುಲಾಮನೇ.

ಮುಂದಿನ ಗಣತಿಗಳಲ್ಲಿ ಅದೇ ಮನುಷ್ಯನ ಎದುರು W, ಅಂದರೆ ಬಿಳಿಯ. 1890ರ ಗಣತಿಯ ಹಾಳೆಗಳು ಬೆಂಕಿಯಿಂದ ಹಾಳಾದವು, ಅಲ್ಲಿ ಹುಡುಕಿ ಪ್ರಯೋಜನವಿಲ್ಲ. 1937ರಲ್ಲಿ ಶಿಕಾಗೋದಲ್ಲಿ ತೀರಿಕೊಂಡ.

ಬರೆಯುವಾಗ ಸಿಕ್ಕಿಕೊಂಡಿದ್ದು ತಲೆಬರಹದಲ್ಲಿ. ಸಂಪಾದಕರು, "ದೊಡ್ಡ ಲೀಗಿನ ಮೊದಲ ಕಪ್ಪು ಆಟಗಾರ ಅಂತ ಹಾಕಿಬಿಡಿ, ಜನ ಓದ್ತಾರೆ" ಅಂದರು. 1884ರಲ್ಲಿ ಟೊಲಿಡೊ ತಂಡಕ್ಕೆ ಆಡಿದ ಫ್ಲೀಟ್ ವಾಕರ್ ಎಲ್ಲರೆದುರು ಕಪ್ಪು ಆಟಗಾರನಾಗಿಯೇ ಮೈದಾನಕ್ಕಿಳಿದ, ಬೈಗುಳ ತಿಂದ. ವೈಟ್ ಬಿಳಿಯನಾಗಿ ಬಾಳಿದ. ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕೋದು ನನಗೆ ಸರಿ ಕಾಣಲಿಲ್ಲ.

"ಹಾಗಾದ್ರೆ ಏನಂತ ಹಾಕೋಣ ಸಾರ್?"

"1870ರಲ್ಲಿ M, ಆಮೇಲೆ W ಅಂತ ಹಾಕಿ" ಅಂದೆ. ಅಚ್ಚಾಗಿ ಬಂದಾಗ ತಲೆಬರಹ ಹಾಗೇ ಇತ್ತು. M ಒಂದು ಮಾತ್ರ ತಲೆಕೆಳಗಾಗಿ W ಆಗಿಬಿಟ್ಟಿತ್ತು.