ಫ್ಯೂರಾನ್ ಯಾವ ಮಗ್ಗುಲಿಗೆ ಕೂರುತ್ತದೆ?

ಎರಡು ಅಣುಗಳು ಕೂಡಿ ಆರು ಪರಮಾಣುಗಳ ಉಂಗುರ ಕಟ್ಟುವುದೇ ಡೀಲ್ಸ್–ಆಲ್ಡರ್ ಕ್ರಿಯೆ. ಅದರಲ್ಲಿ ಎಂಡೋ ಎಂಬ ಜೋಡಣೆಯೇ ಮೇಲುಗೈ ಎನ್ನುವ ‘ಎಂಡೋ ನಿಯಮ’ವನ್ನು ಗಿಳಿಪಾಠ ಒಪ್ಪಿಸುವುದು ನನಗೆ ಹಿಡಿಸದು. ಅದಕ್ಕೇ ಹಾಸನದ ನಮ್ಮ ಕಾಲೇಜಿನಲ್ಲಿ ಎಂ.ಎಸ್ಸಿ. ವಿದ್ಯಾರ್ಥಿಗಳು ಫ್ಯೂರಾನ್ ಮತ್ತು ಮೆಲೇಯಿಕ್ ಅನ್‌ಹೈಡ್ರೈಡ್ ಬೆರೆಸುವ ಮೊದಲು, ಏನಾಗಬಹುದೆಂದು ಲ್ಯಾಪ್‌ಟಾಪ್‌ನಲ್ಲಿ ಲೆಕ್ಕ ಹಾಕಿಸುತ್ತೇನೆ. ಉತ್ಪನ್ನದಲ್ಲಿ ಅನ್‌ಹೈಡ್ರೈಡ್‌ನ ಉಂಗುರ ಫ್ಯೂರಾನ್‌ನ ಆಮ್ಲಜನಕದ ಸೇತುವೆಯ ಮಗ್ಗುಲಿಗೆ ಕೂತರೆ ಎಕ್ಸೋ, ಎದುರು ಮಗ್ಗುಲಿಗೆ ಕೂತರೆ ಎಂಡೋ. ಕಾಫಿ ಬೀಜ ಹುರಿಯುವಾಗಲೂ ಫ್ಯೂರಾನ್ ಒಂದಿಷ್ಟು ಹುಟ್ಟುತ್ತದೆ ಎಂದರೆ ಸಕಲೇಶಪುರದ ಕಡೆಯ ಹುಡುಗರ ಕಿವಿ ನೆಟ್ಟಗಾಗುತ್ತದೆ.

ತಂತ್ರಾಂಶಕ್ಕೆ ಕಾಸು ಬೇಕಿಲ್ಲ. ಅವೊಗಾಡ್ರೊದಲ್ಲಿ ಅಣುವನ್ನು ಬರೆದು, ಎಕ್ಸ್‌ಟಿಬಿಯಿಂದ ಅದರ ಆಕಾರವನ್ನು ತಕ್ಕಮಟ್ಟಿಗೆ ತಿದ್ದಿ, ಓರ್ಕಾದಲ್ಲಿ ಡಿಎಫ್‌ಟಿ (ಎಲೆಕ್ಟ್ರಾನ್‌ಗಳ ಸಾಂದ್ರತೆಯಿಂದ ಅಣುವಿನ ಶಕ್ತಿ ಅಳೆಯುವ) ಲೆಕ್ಕಕ್ಕೆ ಹಚ್ಚುತ್ತೇನೆ. ಓರ್ಕಾ ಶೈಕ್ಷಣಿಕ ಬಳಕೆಗೆ ಉಚಿತ.

ಬೆವರು ಹರಿಯುವುದು ಸಂಕ್ರಮಣ ಸ್ಥಿತಿಯನ್ನು, ಅಂದರೆ ಕ್ರಿಯೆಯ ದಾರಿಯಲ್ಲಿನ ಶಕ್ತಿಯ ದಿಣ್ಣೆಯ ನೆತ್ತಿಯನ್ನು, ಹುಡುಕುವಾಗ. ಹೊಸದಾಗಿ ಮೂಡುವ ಎರಡು ಕಾರ್ಬನ್–ಕಾರ್ಬನ್ ಬಂಧಗಳನ್ನು ಸುಮಾರು 2.2 ಆಂಗ್‌ಸ್ಟ್ರಾಮ್‌ಗೆ ಹಿಡಿದಿಟ್ಟು ಆರಂಭಿಸುತ್ತೇನೆ. ಕೊನೆಯಲ್ಲಿ ಕಂಪನಗಳ ಪಟ್ಟಿಯಲ್ಲಿ ಒಂದೇ ಒಂದು ಕಾಲ್ಪನಿಕ ಆವರ್ತನ (ಒಂದೇ ದಿಕ್ಕಿನಲ್ಲಿ ನೆತ್ತಿ ಎಂಬುದರ ಗುರುತು) ಇರಬೇಕು. ಎರಡಿದ್ದರೆ ಮತ್ತೆ ಹುಡುಕಾಟ. ಆ ಕಂಪನವನ್ನು ಪರದೆಯ ಮೇಲೆ ಆಡಿಸಿ, ಅಲುಗುತ್ತಿರುವುದು ಆ ಎರಡು ಬಂಧಗಳೇ ಎಂದು ಕಣ್ಣಾರೆ ಕಂಡ ಮೇಲೆಯೇ ಮುಂದಿನ ಹೆಜ್ಜೆ.

ಎಂಡೋ, ಎಕ್ಸೋ ಎರಡಕ್ಕೂ ಹೀಗೆ ಮಾಡಿದರೆ ದಾಟಬೇಕಾದ ದಿಣ್ಣೆಗಳು ಹೆಚ್ಚುಕಡಿಮೆ ಒಂದೇ ಎತ್ತರ. 25 ಡಿಗ್ರಿಯಲ್ಲಿ ಮೋಲ್‌ಗೆ 1.4 ಕಿಲೋಕ್ಯಾಲರಿ ವ್ಯತ್ಯಾಸವೆಂದರೆ ವೇಗದಲ್ಲಿ ಹತ್ತುಪಟ್ಟು ಅಂತರ. ಡಿಎಫ್‌ಟಿಯ ದೋಷವೂ ಹಲವೊಮ್ಮೆ ಅಷ್ಟೇ ಇರುತ್ತದೆ! ಹಾಗಾಗಿ ಬರೀ ದಿಣ್ಣೆ ಅಳೆದು ಭವಿಷ್ಯ ನುಡಿಯುವುದನ್ನು ನಾನು ಒಪ್ಪುವುದಿಲ್ಲ. ಫ್ಯೂರಾನ್ ಸುಗಂಧೀಯ ಅಣು, ಅಂದರೆ ಎಲೆಕ್ಟ್ರಾನ್‌ಗಳು ಉಂಗುರದುದ್ದಕ್ಕೂ ಹಂಚಿಹೋಗಿ ಸ್ಥಿರವಾದದ್ದು (ವಾಸನೆಯ ಮಾತಲ್ಲ). ಕೂಡಿದ್ದು ಬಿಡಿಸಿಕೊಳ್ಳಲು ಅದಕ್ಕೆ ಹೆಚ್ಚು ಕಷ್ಟವಿಲ್ಲ. ಕ್ರಿಯೆ ಹಿಂದಕ್ಕೂ ಮುಂದಕ್ಕೂ ಸಾಗುತ್ತಿರುವಾಗ ಉತ್ಪನ್ನಗಳ ಶಕ್ತಿಯನ್ನೂ ಹೋಲಿಸಲೇಬೇಕು. ಅಲ್ಲಿ ಎಕ್ಸೋ ಹೆಚ್ಚು ಸ್ಥಿರ, ಹೆಚ್ಚು ಹೊತ್ತು ಬಿಟ್ಟಷ್ಟೂ ಅದೇ ಶೇಖರವಾಗುತ್ತದೆ. ಫ್ಯೂರಾನ್ ಬದಲು ಸೈಕ್ಲೊಪೆಂಟಡೈಯೀನ್ ಹಾಕಿದರೆ, ಕೋಣೆಯ ಉಷ್ಣತೆಯಲ್ಲಿ ಹಿಂದಿರುಗುವ ದಾರಿ ಬಹುತೇಕ ಮುಚ್ಚಿರುವುದರಿಂದ ಬೇಗ ಹುಟ್ಟಿದ ಎಂಡೋವೇ ಉಳಿಯುತ್ತದೆ.

ಪೇಟೆಂಟ್‌ಗಳಲ್ಲಿರುವ ಕ್ರಿಯೆಗಳಿಂದ ಕಲಿತ ಯಂತ್ರಕಲಿಕೆಯ ಸಾಧನಗಳು ಕ್ಷಣಮಾತ್ರದಲ್ಲಿ ಉತ್ಪನ್ನವನ್ನು ಹೇಳುತ್ತವೆ. ಹೊಸ ಕ್ರಿಯೆಗೆ ಮೊದಲ ಅಂದಾಜು ಬೇಕಾದಾಗ ನಾನೂ ಬಳಸುತ್ತೇನೆ. ಆದರೆ ಫ್ಲಾಸ್ಕ್ ಅನ್ನು ಗಂಟೆ ಹೊತ್ತು ಇಟ್ಟೆವೋ ವಾರ ಬಿಟ್ಟೆವೋ ಎಂಬುದು ಅವುಗಳ ಉತ್ತರದಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಇಲ್ಲಿ ಮುಖ್ಯವಾದದ್ದು ಅದೇ.

ಫ್ಯೂರಾನ್ 31 ಡಿಗ್ರಿಯಲ್ಲೇ ಕುದಿಯುತ್ತದೆ. ಏಪ್ರಿಲ್ ಮಧ್ಯಾಹ್ನಗಳಲ್ಲಿ ಮಂಜುಗಡ್ಡೆಯಲ್ಲಿ ತಣಿಸದೆ ಬಾಟಲಿಯ ಮುಚ್ಚಳ ತೆರೆಯಲು ನಾನು ಬಿಡುವುದಿಲ್ಲ. ದೊರೆತ ಹರಳುಗಳು ಎನ್‌ಎಂಆರ್‌ಗಾಗಿ (ಕಾಂತಕ್ಷೇತ್ರದಲ್ಲಿಟ್ಟು ಅಣುವಿನ ರಚನೆ ತಿಳಿಯುವ ಪರೀಕ್ಷೆ) ಮೈಸೂರಿಗೆ ಹೋಗುತ್ತವೆ. ಎಕ್ಸೋದಲ್ಲಿ ಉಂಗುರಗಳು ಕೂಡುವೆಡೆಯ ಹೈಡ್ರೋಜನ್‌ಗಳಿಗೂ ಆಮ್ಲಜನಕದ ಸೇತುವೆಯ ಬುಡದ ಹೈಡ್ರೋಜನ್‌ಗಳಿಗೂ ನಡುವಿನ ಕೋನ 90 ಡಿಗ್ರಿಗೆ ಹತ್ತಿರ, ಆದ್ದರಿಂದ ಮೊದಲಿನ ಹೈಡ್ರೋಜನ್‌ಗಳ ಗೆರೆ 3.2 ಪಿಪಿಎಂ (ಎನ್‌ಎಂಆರ್ ಗೆರೆಯ ಸ್ಥಾನದ ಅಳತೆ) ಬಳಿ ಒಡೆಯದೆ ಒಂಟಿಯಾಗಿ ಬರುತ್ತದೆ. ಒಡೆದು ಬಂದ ಗೆರೆಗಳೂ ಜೊತೆಗಿದ್ದರೆ ಎಂಡೋ ಇನ್ನೂ ಉಳಿದಿದೆ ಎಂದು ಬರೆದುಕೊಳ್ಳುತ್ತೇವೆ.