ಎಸಿ ಪೈಪಿನೊಳಗಿನ ಗಾಳಿ ತೆಗೆಸುವುದು ಹೇಗೆ?

ಮನೆ ಬದಲಿಸಿದಾಗ ನಮ್ಮ ಎಸಿಯನ್ನು ಬಿಚ್ಚಿ ಹೊಸ ಗೋಡೆಗೆ ಕೂರಿಸಿದರು. ಪೈಪ್ ಜೋಡಿಸಿದ ಮೆಕ್ಯಾನಿಕ್ ಹೊರಗಿನ ಯೂನಿಟ್ಟಿನ ವಾಲ್ವನ್ನು ಒಂಚೂರು ತಿರುಗಿಸಿದ. ಇನ್ನೊಂದು ತುದಿಯಿಂದ ಐದು ಸೆಕೆಂಡು ಸುಯ್ ಎಂದು ಗ್ಯಾಸ್ ಬಿಟ್ಟ. ‘ಗಾಳಿ ಹೋಯ್ತು ಸರ್’ ಅಂದ. ಮುಂದಿನ ಏಪ್ರಿಲ್‌ನಲ್ಲಿ ಎಸಿ ಗುರ್ ಎನ್ನುತ್ತಿತ್ತು, ಕರೆಂಟ್ ಬಿಲ್ ಏರುತ್ತಿತ್ತು, ಕೋಣೆ ಮಾತ್ರ ತಣ್ಣಗಾಗುತ್ತಿರಲಿಲ್ಲ. ಐದು ಸೆಕೆಂಡಿನಲ್ಲಿ ಮುಗಿಸಿದ್ದು ಅರ್ಧ ಗಂಟೆಯ ಕೆಲಸ ಎಂದು ಆಮೇಲೆ ಗೊತ್ತಾಯಿತು.

ಎಸಿ ಜೋಡಿಸುವಾಗ ಹೊರಗಿನ ಯೂನಿಟ್‌ನಲ್ಲಿ ಗ್ಯಾಸನ್ನು ವಾಲ್ವ್ ಮುಚ್ಚಿ ಇಟ್ಟಿರುತ್ತಾರೆ. ಆದರೆ ತಾಮ್ರದ ಪೈಪ್ ಮತ್ತು ಒಳಗಿನ ಯೂನಿಟ್‌ನಲ್ಲಿ ಇರುವುದು ಬರೀ ಗಾಳಿ. ಎಸಿಯ ಗ್ಯಾಸ್ ಹೊರಗಿನ ಕಾಯಿಲ್‌ನಲ್ಲಿ ಶಾಖ ಬಿಟ್ಟು ದ್ರವವಾಗುತ್ತದೆ. ಗಾಳಿ ಹಾಗಾಗುವುದಿಲ್ಲ, ಸುಮ್ನೆ ಜಾಗ ಹಿಡಿದು ಕೂರುತ್ತದೆ. ಒತ್ತಡ ಏರುತ್ತದೆ, ಗ್ಯಾಸನ್ನು ಒತ್ತಿ ಓಡಿಸುವ ಕಂಪ್ರೆಸರ್ ಬಿಸಿಯಾಗುತ್ತದೆ. 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಇದು ಇನ್ನೂ ಜಾಸ್ತಿ ಕಾಡುತ್ತದೆ. ಗಾಳಿಯ ಜೊತೆ ಬರುವ ತೇವ ಮತ್ತೊಂದು ಕಾಟ. ಈಗಿನ ಎಸಿಗಳ ಕಂಪ್ರೆಸರ್ ಎಣ್ಣೆ ನೀರನ್ನು ಹೀರಿಕೊಳ್ಳುತ್ತದೆ. ಕ್ರಮೇಣ ಆಮ್ಲ ಹುಟ್ಟಿ ಒಳಗಿನ ಮೋಟಾರಿನ ತಂತಿ ಸುರುಳಿಯನ್ನು (ವೈಂಡಿಂಗ್) ತಿನ್ನುತ್ತದೆ. ಮಳೆಗಾಲದ ಮಂಗಳೂರಿನಲ್ಲಿ ಪೈಪ್ ಹಾಕಿಸುವವರು ಇದನ್ನು ಮರೆಯಬಾರದು.

ಇದು ನೀವೇ ಮಾಡುವ ಕೆಲಸವಲ್ಲ. ಹೊಸ ಎಸಿಗಳಲ್ಲಿ ಸಾಮಾನ್ಯವಾಗಿರುವ ಆರ್32 ಗ್ಯಾಸಿಗೆ ಬೆಂಕಿ ಹತ್ತಬಹುದು. ಆದರೆ ಪಕ್ಕದಲ್ಲಿ ನಿಂತು ನೋಡಬಹುದು, ಅಲ್ವಾ? ಬುಕ್ ಮಾಡುವಾಗಲೇ ‘ವ್ಯಾಕ್ಯೂಮ್ ಪಂಪ್ ತರ್ತೀರಾ?’ ಎಂದು ಕೇಳಿ; ಪೈಪಿನೊಳಗಿನ ಗಾಳಿಯನ್ನು ಎಳೆದು ತೆಗೆಯುವ ಯಂತ್ರ ಅದು.

ಮೊದಲು ನಟ್‌ಗಳನ್ನೆಲ್ಲ ಬಿಗಿ ಮಾಡಿ, ನೈಟ್ರೋಜನ್ ತುಂಬಿ ಸೋರಿಕೆ ನೋಡಬೇಕು. ಆಕ್ಸಿಜನ್ ಸಿಲಿಂಡರ್ ತಂದರೆ ಅಲ್ಲೇ ತಡೆಯಿರಿ. ಎಣ್ಣೆ ಮತ್ತು ಆಕ್ಸಿಜನ್ ಸೇರಿದರೆ ಸ್ಫೋಟವಾಗಬಹುದು.

ನೈಟ್ರೋಜನ್ ಹೊರಬಿಟ್ಟ ಮೇಲೆ ದಪ್ಪ ಪೈಪಿನ ವಾಲ್ವ್ ಪಕ್ಕದ ಸಣ್ಣ ಸರ್ವಿಸ್ ಪೋರ್ಟಿಗೆ ಒತ್ತಡ ಅಳೆಯುವ ಗೇಜಿನ ನೀಲಿ ಹೋಸ್, ಪಂಪಿಗೆ ಹಳದಿ ಹೋಸ್. ಹೊರಗಿನ ಯೂನಿಟ್ಟಿನ ಎರಡೂ ವಾಲ್ವ್ ಮುಚ್ಚಿಯೇ ಇರಬೇಕು. ಪಂಪ್ ಶುರು ಮಾಡಿ, ಗೇಜಿನ ನೀಲಿ ತಿರುಪು ತೆರೆದರೆ ಸ್ವಲ್ಪ ಹೊತ್ತಿಗೇ ಮುಳ್ಳು ಮೈನಸ್ 30 ಇಂಚಿನ (ಪಾದರಸದ ಲೆಕ್ಕದ ಒತ್ತಡ) ಹತ್ತಿರ ಬರುತ್ತದೆ. ಬಹಳ ಮಂದಿ ಪಂಪ್ ಆಫ್ ಮಾಡುವುದು ಇಲ್ಲೇ. ಗಾಳಿ ಹೋಗಿರುತ್ತದೆ, ತೇವ ಹೋಗಿರುವುದಿಲ್ಲ. ಕುಕ್ಕರಿನಲ್ಲಿ ಒತ್ತಡ ಹೆಚ್ಚಿ ನೀರು 100 ಡಿಗ್ರಿ ದಾಟಿದ ಮೇಲೆ ಕುದಿಯುತ್ತದಲ್ಲ, ಇಲ್ಲಿ ಅದರ ಉಲ್ಟಾ: ಒತ್ತಡ ಇಳಿದು ನೀರು ಕೋಣೆಯ ಶಾಖದಲ್ಲೇ ಕುದಿದು ಆವಿಯಾಗುತ್ತದೆ. ಆ ಆವಿಯನ್ನು ಎಳೆಯಲು 20ರಿಂದ 30 ನಿಮಿಷ ಬೇಕು. ತೀರಾ ಕಡಿಮೆ ಒತ್ತಡವನ್ನೂ ಅಳೆಯುವ ಮೈಕ್ರಾನ್ ಗೇಜ್ ಇದ್ದರೆ ಇನ್ನೂ ಒಳ್ಳೆಯದು. ಹೊರಗಿನ ಗಾಳಿಯ ಒತ್ತಡ 7,60,000 ಮೈಕ್ರಾನ್. ಪೈಪಿನೊಳಗೆ 500ಕ್ಕಿಂತ ಕೆಳಗಿಳಿಯಬೇಕು.

ಆಮೇಲೆ ಮೊದಲು ನೀಲಿ ತಿರುಪು ಮುಚ್ಚಿ, ನಂತರ ಪಂಪ್ ಆಫ್. ಈ ಕ್ರಮ ತಪ್ಪಿದರೆ ಗಾಳಿ ವಾಪಸ್ ನುಗ್ಗುತ್ತದೆ. ಈಗ 10–15 ನಿಮಿಷ ಸುಮ್ಮನೆ ಕಾಯಬೇಕು. ಟೀ ಕೊಡಲು ಸರಿಯಾದ ಹೊತ್ತು. ಮುಳ್ಳು ಅಲ್ಲೇ ನಿಂತಿದ್ದರೆ ಸರಿ. ಮೇಲೇರುತ್ತಾ ಹೋದರೆ ಎಲ್ಲೋ ಸೋರಿಕೆ ಇದೆ, ಇಲ್ಲವೇ ತೇವ ಉಳಿದಿದೆ.

ಎಲ್ಲ ಸರಿಯಿದ್ದರೆ ಅಲೆನ್ ಕೀಯಿಂದ ಸಣ್ಣ ಪೈಪಿನ ವಾಲ್ವನ್ನು ಕಾಲು ಸುತ್ತು ತೆರೆದು, ಕೆಲ ಸೆಕೆಂಡಿನ ನಂತರ ಮುಚ್ಚಿ, ಜೋಡಣೆಗಳಿಗೆಲ್ಲ ಸೋಪಿನ ನೀರು ಹಚ್ಚಿ ನೋಡಬೇಕು. ಒಳಗೆ ಗ್ಯಾಸಿನ ಒತ್ತಡ ಬಂದ ಮೇಲೆಯೇ ಹೋಸ್ ತೆಗೆಯಬೇಕು. ನಿರ್ವಾತ ಇರುವಾಗ ತೆಗೆದರೆ ಪಟ್ಟ ಶ್ರಮವೆಲ್ಲ ನೀರುಪಾಲು. ಕೊನೆಗೆ ಎರಡೂ ವಾಲ್ವ್ ಪೂರ್ತಿ ತೆರೆಯುವುದು.

ಈಗಾಗಲೇ ಓಡುತ್ತಿರುವ ಎಸಿಯಲ್ಲಿ ಗಾಳಿ ಸೇರಿದ್ದರೆ ಅದನ್ನಷ್ಟೇ ಹೊರಬಿಡಲು ದಾರಿ ಇಲ್ಲ. ಇರುವ ಗ್ಯಾಸನ್ನೆಲ್ಲ ರಿಕವರಿ ಯಂತ್ರದಿಂದ ಸಿಲಿಂಡರಿಗೆ ಎಳೆದು, ವ್ಯಾಕ್ಯೂಮ್ ಮಾಡಿ, ಯೂನಿಟ್ ಮೇಲೆ ಬರೆದಿರುವಷ್ಟೇ ಗ್ರಾಂ ಹೊಸ ಗ್ಯಾಸನ್ನು ತೂಕ ಹಾಕಿ ತುಂಬಬೇಕು. ‘ಸ್ವಲ್ಪ ಗ್ಯಾಸ್ ಟಾಪ್‌ಅಪ್ ಮಾಡ್ತೀನಿ’ ಎಂದರೆ ಗಾಳಿ ಒಳಗೇ ಉಳಿಯುತ್ತದೆ.

ಮೆಕ್ಯಾನಿಕ್ ಹೊರಡುವ ಮುಂಚೆ ಕಿಟಕಿ ಕಟ್ಟೆಯ ಮೇಲೊಮ್ಮೆ ಕಣ್ಣು ಹಾಯಿಸಿ. ವಾಲ್ವಿನ ಹಿತ್ತಾಳೆ ಮುಚ್ಚಳಗಳು ಸಾಮಾನ್ಯವಾಗಿ ಅಲ್ಲೇ ಉಳಿದಿರುತ್ತವೆ. ಗ್ಯಾಸ್ ಸೋರದಂತೆ ತಡೆಯುವುದು ಅವೂ ಹೌದು. ಹಾಕಿಸಿಯೇ ಕಳಿಸಿ.